ಗೋಡೆಯೊಳಗಿನ ವಿದ್ಯೆ ಯಾರ ಸೊತ್ತು?

ಪ್ರೌಢಶಾಲೆಯಲ್ಲಿ 33 ವರ್ಷ ಕನ್ನಡ ಪಾಠ ಹೇಳಿದವನಿಗೆ ವಿದ್ಯುತ್ ಕೆಲಸದ ಬಗ್ಗೆ ಬರೆಯುವ ಅಧಿಕಾರ ಎಲ್ಲಿಂದ ಬಂತು ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಹುಬ್ಬೇರಿಸಬಹುದು. ಪ್ರಶ್ನೆ ನ್ಯಾಯವಾದುದೇ. ಶಾಲಾ ವಾರ್ಷಿಕೋತ್ಸವದ ಸಂಜೆ ಫ್ಯೂಸ್ ಹೋದಾಗ ನಾನು ಮೇಣದಬತ್ತಿ ಹುಡುಕಲು ಓಡಿದವನೇ ಹೊರತು ಫ್ಯೂಸ್ ಕಟ್ಟಲು ಹೋದವನಲ್ಲ. ಅದನ್ನು ಕಟ್ಟಿದವನು ಒಂಬತ್ತನೆಯ ತರಗತಿಯ ಕೊನೆಯ ಬೆಂಚಿನ ಒಬ್ಬ ಹುಡುಗ. ಸಂಧಿ ಸಮಾಸಗಳಲ್ಲಿ ಅವನು ನನಗೆ ಕೊಟ್ಟ ಕಷ್ಟ ಅಷ್ಟಿಷ್ಟಲ್ಲ. ಆದರೆ ಅಂದು ಕತ್ತಲಲ್ಲಿ ಕುಳಿತಿದ್ದ ಇಡೀ ಸಭೆಗೆ ಬೆಳಕು ತಂದವನು ಅವನೇ. ಈ ಬರಹ ಅವನ ಕಸುಬನ್ನು ಕುರಿತದ್ದು. ತನ್ನ ಹೆಸರು ಬರೆಯಬಾರದೆಂದು ಅವನು ಕೇಳಿಕೊಂಡಿದ್ದಾನೆ. ಅವನ ಸಹಪಾಠಿಗಳಿಗಂತೂ ಹೆಸರಿನ ಅಗತ್ಯವೇ ಇಲ್ಲ.

ಹತ್ತನೆಯ ತರಗತಿಯ ನಂತರ ಐಟಿಐ ಸೇರಿ ಎಲೆಕ್ಟ್ರಿಷಿಯನ್ ಆದ ಅವನು ಬೆಂಗಳೂರಿನಲ್ಲಿ ಕೆಲವು ವರ್ಷ ಸಾಧಾರಣ ವೈರಿಂಗ್ ಕೆಲಸ ಮಾಡಿ, ಈಗ ‘ಹೋಮ್ ಆಟೊಮೇಷನ್’ ಎಂದು ಕರೆಯುವ ಕೆಲಸದಲ್ಲಿ ನೆಲೆ ನಿಂತಿದ್ದಾನೆ. ಮನೆಯ ದೀಪ, ಫ್ಯಾನು, ಪರದೆ, ಗೀಸರ್, ಗೇಟುಗಳನ್ನೆಲ್ಲ ಒಂದು ವ್ಯವಸ್ಥೆಗೆ ಒಳಪಡಿಸಿ, ಗುಂಡಿಯಿಂದಲೋ ಮೊಬೈಲಿನಿಂದಲೋ ನಡೆಸುವಂತೆ ಮಾಡುವ ಕೆಲಸವದು. ಅವನು 2024ರ ಮಾರ್ಚಿಯಲ್ಲಿ ಜರ್ಮನಿಗೆ ಹೋಗಿ ತನ್ನಂಥದೇ ಕೆಲಸ ಮಾಡುವ ಬೇರೆ ದೇಶದವರನ್ನು ಕಂಡು ಬಂದನು. ಆ ಪ್ರವಾಸದ ಕಥೆ ಕೇಳಿದ ಮೇಲೆ ನನ್ನ ಮನಸ್ಸಿನಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಯಿತು. ಅದನ್ನು ಹೇಳುವ ಮುನ್ನ ನಮ್ಮ ಮನೆಯ ಒಂದು ಪ್ರಸಂಗವನ್ನು ತಿಳಿಸಬೇಕು.

ಬಂಧುಗಳಲ್ಲಿ 2016ರ ನಮ್ಮ ಗೃಹಪ್ರವೇಶಕ್ಕೆ ಮೈಸೂರಿಗೆ ಬಂದಿದ್ದವರಿಗೆ ನೆನಪಿರಬಹುದು. ವಿದೇಶದಲ್ಲಿರುವ ಮಗ ಬಹಳ ಆಸೆಪಟ್ಟು ಮನೆಗೆ ಈ ಹೊಸ ವ್ಯವಸ್ಥೆಯನ್ನು ಹಾಕಿಸಿದ್ದನು. ಬಾಗಿಲ ಬಳಿಯ ಒಂದು ಗುಂಡಿ ಒತ್ತಿದರೆ ನಡುಮನೆಯ ದೀಪಗಳೆಲ್ಲ ಒಮ್ಮೆಲೇ ಹತ್ತುತ್ತಿದ್ದವು. ಮಕ್ಕಳು ಊಟ ಬಿಟ್ಟು ಆ ಗುಂಡಿಯ ಸುತ್ತ ನಿಂತಿದ್ದರು. ಕೆಲಸ ಮಾಡಿದ ಗುತ್ತಿಗೆದಾರರು ಹಣ ಪಡೆದು, ಒಂದು ಹೊಳಪಿನ ಪುಸ್ತಿಕೆ ಕೊಟ್ಟು ಹೋದರು. ಆರು ವರ್ಷ ಎಲ್ಲವೂ ಸುಖವಾಗಿಯೇ ನಡೆಯಿತು.

2022ರಲ್ಲಿ ನನ್ನ ಪತ್ನಿಗೆ ಮಂಡಿಯ ಶಸ್ತ್ರಚಿಕಿತ್ಸೆಯಾಯಿತು. ಮಹಡಿ ಹತ್ತುವಂತಿಲ್ಲದ ಕಾರಣ ಕೆಳಗಿನ ಅತಿಥಿ ಕೋಣೆಗೆ ಬಂದೆವು. ನಮಗೆ ಬೇಕಾಗಿದ್ದದ್ದು ಅತಿ ಸಣ್ಣ ಅನುಕೂಲ. ಮಂಚದ ಪಕ್ಕದ ಗುಂಡಿ ಒತ್ತಿದರೆ ಬಚ್ಚಲಿಗೆ ಹೋಗುವ ಓಣಿಯ ದೀಪ ಹತ್ತಬೇಕು, ಅಷ್ಟೇ. ಗುತ್ತಿಗೆದಾರರಿಗೆ ಫೋನ್ ಮಾಡಿದರೆ ಆ ಸಂಖ್ಯೆ ಚಾಲ್ತಿಯಲ್ಲಿಲ್ಲವೆಂಬ ಉತ್ತರ ಬಂತು. ಅವರ ಕಚೇರಿ ಇದ್ದಲ್ಲಿ ಬಟ್ಟೆ ಅಂಗಡಿಯಿತ್ತು. ಬೇರೆ ಇಬ್ಬರನ್ನು ಕರೆಸಿದೆವು. ಇಬ್ಬರೂ ಒಂದೇ ಮಾತು ಹೇಳಿದರು: ‘ಪ್ರಾಜೆಕ್ಟ್ ಫೈಲ್ ಇದ್ದರೆ ಹತ್ತು ನಿಮಿಷದ ಕೆಲಸ, ಇಲ್ಲದಿದ್ದರೆ ಮನೆಯದೆಲ್ಲ ಮೊದಲಿನಿಂದ ಮಾಡಬೇಕು.’ ಅವರು ಹೇಳಿದ ಖರ್ಚು ಕೇಳಿ ನಾವು ಒಂದು ಟಾರ್ಚ್ ಕೊಂಡು ಸುಮ್ಮನಾದೆವು. ತಿಂಗಳೊಳಗೆ ಒಂದು ರಾತ್ರಿ ಟಾರ್ಚು ಕೈಜಾರಿ ಮಂಚದ ಕೆಳಗೆ ಉರುಳಿತು. ನನ್ನನ್ನು ಎಬ್ಬಿಸಬಾರದೆಂದು ಕತ್ತಲಲ್ಲೇ ಹೊರಟ ಆಕೆ ಓಣಿಯಲ್ಲಿ ಬಿದ್ದು ಮಣಿಕಟ್ಟಿನ ಮೂಳೆ ಮುರಿದುಕೊಂಡಳು. ಹಳೆಯ ಕಾಲದ ಸ್ವಿಚ್ ಬೋರ್ಡ್ ಆಗಿದ್ದರೆ ಬಡಾವಣೆಯ ಯಾವ ವೈರ್‌ಮ್ಯಾನ್ ಆದರೂ ಒಂದು ಮಧ್ಯಾಹ್ನದಲ್ಲಿ ಮಾಡಿಕೊಡುತ್ತಿದ್ದ ಕೆಲಸವದು. ನಮ್ಮ ಮನೆಯ ಗೋಡೆಯಲ್ಲೇ ಇದ್ದ ತಂತಿ ನಮ್ಮ ಮಾತು ಕೇಳಲಿಲ್ಲ. ಏಕೆಂದರೆ ಅದಕ್ಕೆ ಮಾತು ಕಲಿಸಿದವನು ಆ ಮಾತನ್ನು ತನ್ನ ಜೊತೆಯಲ್ಲಿಯೇ ಒಯ್ದಿದ್ದನು.

ವಿಷಯ ತಿಳಿದು ನನ್ನ ಶಿಷ್ಯ ಒಂದು ಶನಿವಾರ ಪೆಟ್ಟಿಗೆ ಹಿಡಿದು ಬಂದನು. ಎರಡು ದಿನ ಒಂದೊಂದೇ ಬೋರ್ಡನ್ನು ಬಿಚ್ಚಿ ನೋಡಿ, ಹಾಳೆಯ ಮೇಲೆ ಗುರುತು ಹಾಕಿಕೊಂಡು, ಎಲ್ಲವನ್ನೂ ಹೊಸದಾಗಿ ಬರೆದನು. ಎರಡು ಉಪಕರಣಗಳಿಗೆ ಹಿಂದಿನವರು ಗುಪ್ತ ಕೀಲಿಪದ ಹಾಕಿ ಹೋಗಿದ್ದರಿಂದ ಅವನ್ನು ಬದಲಾಯಿಸಲೇ ಬೇಕಾಯಿತು. ಕೆಲಸದ ನಡುವೆ ಅವನು ನನಗೆ ಮಾಡಿದ ಪಾಠವನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ.

ಸಾಮಾನ್ಯ ಮನೆಯಲ್ಲಿ ಸ್ವಿಚ್ಚಿನ ಮೂಲಕವೇ ದೀಪಕ್ಕೆ ಕರೆಂಟು ಹರಿಯುತ್ತದೆ. ನಮ್ಮ ಮನೆಯಲ್ಲಿರುವುದು ಯುರೋಪಿನಲ್ಲಿ ಹುಟ್ಟಿದ ‘ಕೆಎನ್ಎಕ್ಸ್’ ಎಂಬ ಪದ್ಧತಿ. ಇದರಲ್ಲಿ ಗುಂಡಿ ಕರೆಂಟನ್ನು ಹರಿಸುವುದಿಲ್ಲ, ಸಂದೇಶವನ್ನು ಮಾತ್ರ ಕಳಿಸುತ್ತದೆ. ಹಸಿರು ಹೊದಿಕೆಯ ಒಂದು ತೆಳು ಕೇಬಲ್, ಅದರೊಳಗೆ ಕೆಂಪು ಕಪ್ಪು ತಂತಿಗಳ ಜೋಡಿ, ಅದರಲ್ಲಿ ಸುಮಾರು 30 ವೋಲ್ಟಿನಷ್ಟು ಸಣ್ಣ ಶಕ್ತಿ. ಮನೆಯ ಎಲ್ಲ ಗುಂಡಿಗಳೂ ರಿಲೇಗಳೂ ಈ ಒಂದೇ ತಂತಿಗೆ ಸೇರಿರುತ್ತವೆ. ಒಂದೊಂದಕ್ಕೂ ಸ್ವಂತ ವಿಳಾಸವಿದೆ. ಯಾವ ಗುಂಡಿಯ ಮಾತನ್ನು ಯಾವ ರಿಲೇ ಕೇಳಬೇಕೆಂಬುದನ್ನು ಕಂಪ್ಯೂಟರಿನಲ್ಲಿ ಬರೆದು ಆಯಾ ಉಪಕರಣಕ್ಕೆ ತುಂಬುತ್ತಾರೆ. ಆ ಬರಹದ ಮೂಲಪ್ರತಿಯೇ ಪ್ರಾಜೆಕ್ಟ್ ಫೈಲ್. ಅದಿಲ್ಲದ ಮನೆ ಎಂದರೆ ಅಕ್ಷರಗಳೆಲ್ಲ ಇದ್ದು ಕಾಗುಣಿತ ಕಳೆದುಹೋದ ಪುಸ್ತಕದಂತೆ.

ಕೆಲಸ ಮುಗಿದ ಮೇಲೆ ಅವನು ಒಂದು ಪೆನ್‌ಡ್ರೈವನ್ನು ನನ್ನ ಕೈಗಿಟ್ಟು, ‘ಸಾರ್, ಇದನ್ನ ಮನೆ ಪತ್ರದ ಜೊತೆ ಬೀರುವಿನಲ್ಲಿ ಇಡಿ. ನಾಳೆ ನಾನು ಇಲ್ದೇ ಇದ್ರೂ ಇನ್ನೊಬ್ಬ ಬಂದು ಮಾಡಬೇಕಲ್ವಾ?’ ಎಂದನು. ನಾನು ಅವನಿಗೆ ಕಲಿಸಿದ ಯಾವ ಪಾಠದಲ್ಲಿಯೂ ಇಷ್ಟು ಸಾರವಿದ್ದಂತೆ ನನಗೆ ತೋರಲಿಲ್ಲ.

ಇನ್ನು ಪ್ರವಾಸದ ಮಾತು. ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ 2000ರಿಂದ ‘ಲೈಟ್ ಪ್ಲಸ್ ಬಿಲ್ಡಿಂಗ್’ ಎಂಬ ದೊಡ್ಡ ಪ್ರದರ್ಶನವು ಎರಡು ವರ್ಷಕ್ಕೊಮ್ಮೆ ನಡೆದುಬಂದಿದೆ. 2020ರಲ್ಲಿ ಸೋಂಕಿನ ಕಾರಣ ನಿಂತುಹೋಗಿತ್ತು. 2024ರಲ್ಲಿ ಮಾರ್ಚಿ 3ರಿಂದ 8ರವರೆಗೆ ನಡೆಯಿತು. ಬೆಳಕಿಗೂ ಕಟ್ಟಡದ ವಿದ್ಯುತ್ತಿಗೂ ಸಂಬಂಧಿಸಿದ ಕಂಪನಿಗಳೆಲ್ಲ ಅಲ್ಲಿ ಮಳಿಗೆ ಹಾಕುತ್ತವೆ. ನನ್ನ ಶಿಷ್ಯ ಸಾಲವನ್ನೇನೂ ಮಾಡಲಿಲ್ಲ, ಆದರೆ ಮೂರು ವರ್ಷ ಕೂಡಿಟ್ಟ ಹಣವನ್ನು ಅದಕ್ಕೆ ಖರ್ಚು ಮಾಡಿದನು. ಮನೆಯವರು, ‘ಆ ದುಡ್ಡಿನಲ್ಲಿ ಒಂದು ವ್ಯಾನ್ ಕೊಳ್ಳಬಹುದಿತ್ತು’ ಎಂದರಂತೆ.

ಮೊದಲ ಎರಡು ದಿನ ಅವನಿಗೆ ನಿರಾಶೆಯೇ ಆಯಿತಂತೆ. ಮಳಿಗೆಗಳಲ್ಲಿ ಕಾಫಿ ಕೊಡುತ್ತಾರೆ, ಚೀಲ ಕೊಡುತ್ತಾರೆ, ತಮ್ಮ ಸಾಮಾನೇ ಶ್ರೇಷ್ಠವೆನ್ನುತ್ತಾರೆ. ಅದು ಸಂತೆ. ಸಂತೆಯಲ್ಲಿ ಕಸುಬು ಕಲಿಯಲಾಗದು. ಮೂರನೆಯ ದಿನ ಊಟದ ಮೇಜಿನ ಬಳಿ ಒಬ್ಬ ಹಿರಿಯ ಜರ್ಮನ್ ಎಲೆಕ್ಟ್ರಿಷಿಯನ್ ಪರಿಚಯವಾದರು. ಅವರ ಜೊತೆಯಲ್ಲಿ ಒಬ್ಬ ಸ್ಪೇನ್ ದೇಶದವನು, ಒಬ್ಬ ಇಂಗ್ಲೆಂಡಿನವನು, ದುಬೈನಲ್ಲಿ ಕೆಲಸ ಮಾಡುವ ಒಬ್ಬ ಮಲಯಾಳಿ. ಅಂದಿನಿಂದ ಮೂರು ಸಂಜೆಯೂ ಅವರು ಒಂದು ಸಾಧಾರಣ ಹೋಟೆಲಿನಲ್ಲಿ ಸೇರಿದರು. ಎಲ್ಲರದೂ ಮುರುಕಲು ಇಂಗ್ಲಿಷ್, ಇಂಗ್ಲೆಂಡಿನವನದೊಂದು ಬಿಟ್ಟು. ‘ಭಾಷೆ ತೊಂದರೆಯಾಗಲಿಲ್ಲವೇನಯ್ಯ?’ ಎಂದು ಕೇಳಿದೆ. ‘ಕಾಗದ ಪೆನ್ಸಿಲ್ ಇತ್ತು ಸಾರ್. ಸರ್ಕ್ಯೂಟ್ ಬರೆದರೆ ಎಲ್ಲರಿಗೂ ಅರ್ಥವಾಗುತ್ತೆ’ ಎಂದನು. ಸಂಧಿಯಲ್ಲಿ ನಪಾಸಾದ ಹುಡುಗ ಐದು ದೇಶಗಳಿಗೆ ಅರ್ಥವಾಗುವ ಲಿಪಿಯಲ್ಲಿ ಪಾಸಾಗಿದ್ದನು.

ಅಲ್ಲಿ ನಡೆದ ಕೊಡುಕೊಳ್ಳುವಿಕೆಯ ಮೂರು ಸಂಗತಿಗಳನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು ಬಣ್ಣದ ಸಂಗತಿ. ಯುರೋಪಿನಲ್ಲಿ ನೀಲಿ ತಂತಿ ಎಂದರೆ ನ್ಯೂಟ್ರಲ್. ನಮ್ಮಲ್ಲಿ ನ್ಯೂಟ್ರಲ್ ಕಪ್ಪು. ಮೂರು ಫೇಸ್ ಬಂದಿರುವ ಮನೆಯಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸ್‌ಗಳೇ. ಅಂದರೆ ಅಲ್ಲಿ ನ್ಯೂಟ್ರಲ್ ಎಂದುಕೊಳ್ಳುವ ಬಣ್ಣ ಇಲ್ಲಿ ಪ್ರಾಣ ತೆಗೆಯಬಲ್ಲದು. ಆಮದಾದ ಉಪಕರಣದ ನೀಲಿ ತಂತಿಯನ್ನು ನಮ್ಮ ಮನೆಯ ನೀಲಿಗೆ ಜೋಡಿಸಿದರೆ ಏನಾದೀತು? ಇಂಗ್ಲೆಂಡಿನಲ್ಲಿಯೂ ಹಿಂದೆ ಕೆಂಪು ಕಪ್ಪುಗಳೇ ಇದ್ದವು. 2004ರಿಂದ ಬದಲಾವಣೆ ಆರಂಭವಾಗಿ 2006ರಲ್ಲಿ ಕಂದು ನೀಲಿಗಳು ಕಡ್ಡಾಯವಾದವು. ಹಳೆಯ ಮನೆಯೊಂದಕ್ಕೆ ಹೊಸ ಕೋಣೆ ಸೇರಿಸಿದಾಗ ಒಂದೇ ಪೆಟ್ಟಿಗೆಯಲ್ಲಿ ಎರಡೂ ಬಗೆಯ ಬಣ್ಣಗಳು ಕೂಡುತ್ತವೆ. ಅಲ್ಲಿ ಎಚ್ಚರಿಕೆಯ ಚೀಟಿ ಅಂಟಿಸುವ ಪದ್ಧತಿಯನ್ನು ಆ ಇಂಗ್ಲೆಂಡಿನವನು ವಿವರಿಸಿದನಂತೆ. ನನಗೆ ನೆನಪಾದದ್ದು ಹಿಂದಿ ಮೇಷ್ಟ್ರೂ ನಾನೂ ಆಡುತ್ತಿದ್ದ ಹಾಸ್ಯ. ಅವರ ಹಿಂದಿಯಲ್ಲಿ ‘ಶಿಕ್ಷಾ’ ಎಂದರೆ ವಿದ್ಯಾಭ್ಯಾಸ, ನಮ್ಮ ‘ಶಿಕ್ಷೆ’ಗೆ ಬೆತ್ತ ಬೇಕು. ತರಗತಿಯಲ್ಲಿ ಈ ಗೊಂದಲ ನಗೆ ತರಿಸುತ್ತದೆ. ಸ್ವಿಚ್ ಪೆಟ್ಟಿಗೆಯಲ್ಲಿ ನಗುವವರು ಉಳಿಯುವುದಿಲ್ಲ.

ಎರಡನೆಯದು ಅವರಿಂದ ನಮಗೆ ಬಂದ ಸಂಗತಿ, ಕೆಲಸವನ್ನು ಒಪ್ಪಿಸುವ ಕ್ರಮ. ಜರ್ಮನಿಯಲ್ಲಿ ಈ ಕಸುಬಿಗೆ ಬರುವ ಹುಡುಗ ಮೂರೂವರೆ ವರ್ಷ ಕಾರ್ಯಾಗಾರದಲ್ಲಿಯೂ ಶಾಲೆಯಲ್ಲಿಯೂ ಜೊತೆಜೊತೆಯಾಗಿ ಕಲಿತು ಪರೀಕ್ಷೆ ಕೊಡಬೇಕು. ಆ ಹಿರಿಯರು ತಾವು ಮುಗಿಸಿದ ಒಂದು ಮನೆಯ ಕಡತವನ್ನು ಮಾಲೀಕರ ಹೆಸರು ಮರೆಮಾಡಿ ತೋರಿಸಿದರಂತೆ. ಪ್ರತಿ ಸರ್ಕ್ಯೂಟಿನ ಪರೀಕ್ಷೆಯ ಅಳತೆ, ಪ್ರತಿ ಉಪಕರಣದ ವಿಳಾಸ, ಡಿಬಿಯ ಚಿತ್ರ, ಕೊನೆಗೆ ಪ್ರಾಜೆಕ್ಟ್ ಫೈಲ್, ಮಾಲೀಕರ ಸಹಿ. ‘ಇದನ್ನು ಕೊಡದಿದ್ದರೆ ಗಿರಾಕಿ ನಿಮ್ಮ ಬಳಿಗೇ ಬರಬೇಕಾಗುತ್ತದಲ್ಲ, ಅದು ಲಾಭವಲ್ಲವೇ?’ ಎಂದು ದುಬೈನವನು ತಮಾಷೆಗೆ ಕೇಳಿದ್ದಕ್ಕೆ ಹಿರಿಯರು ನಗಲಿಲ್ಲವಂತೆ. ಗಿರಾಕಿ ಕೆಲಸ ಮೆಚ್ಚಿ ಬರಬೇಕು, ಗತಿಯಿಲ್ಲದೆ ಬರಬಾರದು ಎಂಬುದು ಅವರ ಉತ್ತರದ ಸಾರ. ನನ್ನ ಶಿಷ್ಯನಲ್ಲಿ ಈ ಬುದ್ಧಿ ಮೊದಲೇ ಇತ್ತು, ಕ್ರಮವಿರಲಿಲ್ಲ. ಒಳ್ಳೆಯತನ ಒಬ್ಬನ ಸ್ವಭಾವವಾಗಿದ್ದರೆ ಅವನೊಡನೆ ಮುಗಿಯುತ್ತದೆ, ಕಸುಬಿನ ಪದ್ಧತಿಯಾದರೆ ಮುಂದಿನವರಿಗೂ ಸಲ್ಲುತ್ತದೆ. ಅವನು ಅಲ್ಲಿಂದ ತಂದದ್ದು ಈ ಪದ್ಧತಿಯನ್ನು.

ಮೂರನೆಯದು ನಮ್ಮಿಂದ ಅವರಿಗೆ ಹೋದ ಸಂಗತಿ. ಇದನ್ನು ಹೇಳುವಾಗ ನನಗೆ ಕೊಂಚ ಹೆಮ್ಮೆಯಿದೆ, ಮನ್ನಿಸಿ. ನನ್ನ ಶಿಷ್ಯ ತನ್ನ ಸರದಿ ಬಂದಾಗ ಕರೆಂಟು ಹೋಗುವುದರ ಬಗ್ಗೆ ಮಾತಾಡಿದನಂತೆ. ಯುರೋಪಿನವರಿಗೆ ಅದು ಅಪರೂಪದ ಘಟನೆ, ನಮಗೆ ದಿನಚರಿ. ಕರೆಂಟು ಹೋಗುವುದು ದೊಡ್ಡ ಸಮಸ್ಯೆಯಲ್ಲ, ಮರಳಿ ಬರುವುದು ಸಮಸ್ಯೆ ಎಂಬುದು ಅವನ ವಾದ. ರಾತ್ರಿ ಎರಡು ಗಂಟೆಗೆ ಕರೆಂಟು ಬಂದಾಗ ಸರಿಯಾಗಿ ಯೋಚಿಸದೆ ಮಾಡಿದ ಮನೆಯಲ್ಲಿ ದೀಪಗಳೆಲ್ಲ ಒಮ್ಮೆಲೇ ಹತ್ತಿ ಮನೆಮಂದಿಯನ್ನು ಎಬ್ಬಿಸಬಹುದು. ಯಾರೂ ಕೇಳದೆ ಗೀಸರ್ ಕಾಯಬಹುದು, ಗೇಟು ತೆರೆಯಬಹುದು. ಆದ್ದರಿಂದ ಅವನು ಪ್ರತಿಯೊಂದು ಸರ್ಕ್ಯೂಟಿಗೂ ‘ಕರೆಂಟು ಬಂದಾಗ ನೀನು ಏನು ಮಾಡಬೇಕು?’ ಎಂದು ಮೊದಲೇ ಬರೆದಿಡುತ್ತಾನೆ. ಫ್ರಿಜ್ಜು ನಡೆಯಲಿ, ಕೋಣೆಯ ದೀಪ ಆರಿಯೇ ಇರಲಿ, ಗೀಸರ್ ಯಾರಾದರೂ ಹೇಳುವವರೆಗೆ ಸುಮ್ಮನಿರಲಿ, ಗೇಟು ಇದ್ದಂತೆಯೇ ಇರಲಿ. ಹಸಿರು ಕೇಬಲ್ಲಿಗೆ ಶಕ್ತಿ ಕೊಡುವ ಉಪಕರಣವನ್ನು ಯುಪಿಎಸ್ ಲೈನಿಗೆ ಸೇರಿಸುತ್ತಾನೆ. ಯುಪಿಎಸ್‌ನ ನ್ಯೂಟ್ರಲ್ಲೂ ಮೇನ್ಸಿನ ನ್ಯೂಟ್ರಲ್ಲೂ ಎಲ್ಲಿಯೂ ಬೆರೆಯದಂತೆ ಕಾಯುತ್ತಾನೆ. ಎಲ್ಲ ಕೆಟ್ಟರೂ ಡಿಬಿಯೊಳಗೆ ಕೈಯಿಂದ ಹಾಕಿ ತೆಗೆಯಬಹುದಾದ ರಿಲೇಗಳನ್ನೇ ಆರಿಸುತ್ತಾನೆ.

ಸೀಲಿಂಗ್ ಫ್ಯಾನಿನ ವಿಷಯವನ್ನೂ ಹೇಳಿದನಂತೆ. ದೀಪದ ಬೆಳಕು ತಗ್ಗಿಸುವ ಡಿಮ್ಮರ್‌ನಿಂದ ಫ್ಯಾನಿನ ವೇಗ ತಗ್ಗಿಸಲು ಹೋದರೆ ಅದು ರಾತ್ರಿಯೆಲ್ಲ ಗುಂಯ್ ಎನ್ನುತ್ತದೆ. ಅದಕ್ಕೆ ಕೆಪಾಸಿಟರ್ ಇರುವ ರೆಗ್ಯುಲೇಟರ್ ಬೇಕು. ಜರ್ಮನಿಯ ಹಿರಿಯರು ತಮ್ಮ ಜೀವಮಾನದಲ್ಲಿ ಹಾಕಿದ ಸೀಲಿಂಗ್ ಫ್ಯಾನುಗಳನ್ನು ಬೆರಳಲ್ಲಿ ಎಣಿಸಬಹುದಂತೆ. ‘ಈಗ ನಮ್ಮಲ್ಲೂ ಬೇಸಗೆ ಸುಡುತ್ತಿದೆ, ಕೇಳುವವರು ಹೆಚ್ಚಾಗಿದ್ದಾರೆ’ ಎಂದು ಅವರು ಆ ಚಿತ್ರವನ್ನು ತಮ್ಮ ಪುಸ್ತಕಕ್ಕೆ ನಕಲು ಮಾಡಿಕೊಂಡರಂತೆ.

ಸ್ಪೇನಿನವನು ಮಾತ್ರ ಕರೆಂಟಿನ ಕಥೆಯನ್ನು ದೂರದೇಶದ ವಿಚಿತ್ರವೆಂಬಂತೆ ಕೇಳಿದ್ದನಂತೆ. 2025ರ ಏಪ್ರಿಲ್ 28ರ ಮಧ್ಯಾಹ್ನ, ಅಲ್ಲಿನ ಗಡಿಯಾರದಲ್ಲಿ 12 ಗಂಟೆ 33 ನಿಮಿಷಕ್ಕೆ, ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳ ಮುಖ್ಯ ಭೂಭಾಗದಲ್ಲೆಲ್ಲ ವಿದ್ಯುತ್ ನಿಂತುಹೋಯಿತು. ರೈಲುಗಳು ನಡುದಾರಿಯಲ್ಲಿ ನಿಂತವು, ಅನೇಕ ಕಡೆ ರಾತ್ರಿಯವರೆಗೂ ಬೆಳಕಿರಲಿಲ್ಲ. ಎರಡು ದಿನಗಳ ನಂತರ ಆ ಸ್ಪೇನಿನವನು ನನ್ನ ಶಿಷ್ಯನಿಗೆ ಫೋನ್ ಮಾಡಿದನು. ತಾನು ಕೆಲಸ ಮಾಡಿಕೊಟ್ಟಿದ್ದ ಒಂದು ಮನೆಯಲ್ಲಿ ಒಬ್ಬ ವೃದ್ಧೆ ಒಂಟಿಯಾಗಿದ್ದಾರೆ. ಕಿಟಕಿಯ ಶಟರ್‌ಗಳೆಲ್ಲ ಮುಚ್ಚಿಯೇ ಉಳಿದು, ಅವುಗಳನ್ನು ಕೈಯಿಂದ ಎತ್ತುವ ದಾರಿಯಿಲ್ಲದೆ, ಹಗಲಿನಲ್ಲೇ ಕತ್ತಲಲ್ಲಿ ಕುಳಿತಿದ್ದರಂತೆ. ‘ಅವತ್ತು ನೀನು ಬರೆದು ತೋರಿಸಿದ ಪಟ್ಟಿಯನ್ನು ಕಳಿಸು’ ಎಂದು ಅವನು ಕೇಳಿದನು. ಶಿಷ್ಯ ಅಂದೇ ಕಳಿಸಿದನು. ಮೈಸೂರಿನ ಓಣಿಯಲ್ಲಿ ಬಿದ್ದ ನನ್ನ ಪತ್ನಿಗೂ ಸ್ಪೇನಿನ ಆ ತಾಯಿಗೂ ಪರಿಚಯವಿಲ್ಲ. ಆದರೆ ಇಬ್ಬರ ಕತ್ತಲೆಯೂ ಒಂದೇ ಜಾತಿಯದು. ಮನೆ ಕಟ್ಟಿಕೊಟ್ಟವನಿಗೆ ತಿಳಿದದ್ದು ಮನೆಯಲ್ಲಿ ಬಾಳುವವರಿಗೆ ತಿಳಿಯದೆ ಉಳಿದದ್ದರಿಂದ ಹುಟ್ಟಿದ ಕತ್ತಲೆ.

ನನ್ನ ಅಭಿಪ್ರಾಯ ಇದು. ಕಸುಬಿನವರು ದೇಶ ದಾಟಿ ಒಬ್ಬರನ್ನೊಬ್ಬರು ಕಂಡು ತಿಳಿದದ್ದನ್ನು ಹಂಚಿಕೊಳ್ಳುವುದು ಶೋಕಿಯಲ್ಲ, ಕಸುಬಿನ ಧರ್ಮ. ಆದರೆ ಆ ಹಂಚಿಕೆ ಕಸುಬಿನವರ ನಡುವೆಯೇ ನಿಲ್ಲಬಾರದು. ಅದು ಎರಡು ಕಡೆಗೆ ಹರಿಯಬೇಕು: ಊರಿನ ಸಣ್ಣ ವೈರ್‌ಮ್ಯಾನ್ ಕಡೆಗೆ, ಮತ್ತು ಮನೆಯ ಯಜಮಾನ ಯಜಮಾನಿಯ ಕಡೆಗೆ. ಹಾಗೆ ಹರಿಯದಿದ್ದರೆ ಫ್ರಾಂಕ್‌ಫರ್ಟಿಗೆ ಹೋಗಿ ಬಂದದ್ದು ಗೋಡೆಗೆ ಹಾಕುವ ಒಂದು ಫೋಟೋ ಮಾತ್ರ.

‘ದೇಶ ಸುತ್ತು, ಕೋಶ ಓದು’ ಎಂದು ನಮ್ಮ ಹಿರಿಯರು ಹೇಳಿದ್ದು ಪಂಡಿತರಿಗೆ ಮಾತ್ರವಲ್ಲ. ಜರ್ಮನಿಯಲ್ಲಿ ಬಡಗಿ ಮುಂತಾದ ಕಸುಬಿನವರಲ್ಲಿ ಒಂದು ಹಳೆಯ ಪದ್ಧತಿ ಇಂದಿಗೂ ಅಲ್ಪಸ್ವಲ್ಪ ಉಳಿದಿದೆ. ಕಲಿಕೆ ಮುಗಿಸಿದ ತರುಣ ಮೂರು ವರ್ಷ ಒಂದು ದಿನ ಊರೂರು ಅಲೆದು ದುಡಿಯಬೇಕು. ಆ ಅವಧಿಯಲ್ಲಿ ತನ್ನ ಊರಿನ 50 ಕಿಲೋಮೀಟರ್ ಒಳಗೆ ಕಾಲಿಡಬಾರದು. ಪರವೂರಿನ ಕೈಚಳಕ ಕಾಣದವನ ಕಸುಬು ಪಕ್ವವಾಗದೆಂಬುದೇ ಅದರ ಅರ್ಥ.

ನಮ್ಮ ನಾಡಿನ ವಿದ್ಯುತ್ತಿನ ಕಥೆಯೂ ಹೀಗೆ ಆರಂಭವಾದದ್ದೇ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮೊದಲಾದ ಶಿವನಸಮುದ್ರದ ಯೋಜನೆಯಿಂದ 1902ರಲ್ಲಿ 90 ಮೈಲಿಗೂ ಮಿಗಿಲಾದ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ವಿದ್ಯುತ್ ಯಂತ್ರಗಳು ಅಮೆರಿಕದಿಂದಲೂ ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನಿಂದಲೂ ಬಂದವು. ಹೊರಗಿನ ವಿದ್ಯೆಯನ್ನು ತರಿಸಿಕೊಂಡ ಸಂಸ್ಥಾನ ಅದನ್ನು ಇಲ್ಲಿನ ಕೈಗಳಿಗೆ ಕಲಿಸಿತು. ಹಾಗೆ ಕಲಿತ ಕೈಗಳಿಂದಲೇ ನಮ್ಮ ಊರೂರಿಗೆ ಕಂಬಗಳು ಬಂದದ್ದು.

ನನ್ನ ಮನೆಯ ಗೋಡೆಯಲ್ಲಿರುವ ಆ ಹಸಿರು ತಂತಿಯ ಪದ್ಧತಿಯೇ ಹಂಚಿಕೆಯ ಕೂಸು. ಹಿಂದೆ ಯುರೋಪಿನಲ್ಲಿ ಇಂಥ ಪದ್ಧತಿಗಳು ಬೇರೆಬೇರೆಯಾಗಿ ಬೆಳೆದಿದ್ದವು. 1990ರಲ್ಲಿ ಬ್ರಸೆಲ್ಸಿನಲ್ಲಿ ಅವುಗಳಲ್ಲಿ ಒಂದರ ಸಂಘ ಸ್ಥಾಪನೆಯಾಯಿತು. 1999ರಲ್ಲಿ ಅಂಥ ಮೂರು ಕೂಟಗಳು ಸ್ಪರ್ಧೆ ಬಿಟ್ಟು ಒಂದಾದವು. 2006ರಲ್ಲಿ ಅವರ ಒಪ್ಪಂದ ಅಂತರರಾಷ್ಟ್ರೀಯ ಮಾನಕವಾಯಿತು. ಆದ್ದರಿಂದಲೇ ಇಂದು ಒಂದು ಕಂಪನಿಯ ಗುಂಡಿ ಮತ್ತೊಂದು ಕಂಪನಿಯ ರಿಲೇಯೊಡನೆ ಮಾತಾಡಬಲ್ಲದು. ಪ್ರತಿಸ್ಪರ್ಧಿ ಕಂಪನಿಗಳೇ ಭಾಷೆಯನ್ನು ಹಂಚಿಕೊಂಡು ಬದುಕಿರುವಾಗ, ಗುತ್ತಿಗೆದಾರನೊಬ್ಬ ಅದೇ ಭಾಷೆಯಲ್ಲಿ ಬರೆದ ನಾಲ್ಕು ಸಾಲುಗಳನ್ನು ಬಚ್ಚಿಟ್ಟುಕೊಂಡು ಮನೆಯವರನ್ನು ಒತ್ತೆಯಾಳುಗಳಂತೆ ಮಾಡುವುದು ಎಂಥ ನ್ಯಾಯ?

ಇದಕ್ಕೆ ಎದುರು ಮಾತುಗಳಿಲ್ಲವೆಂದಲ್ಲ. ‘ಕಷ್ಟಪಟ್ಟು ಕಲಿತದ್ದನ್ನು ಎಲ್ಲರಿಗೂ ಹೇಳಿಕೊಟ್ಟರೆ ನಾಳೆ ನನ್ನ ಗಿರಾಕಿ ಪಕ್ಕದವನ ಬಳಿಗೆ ಹೋಗುತ್ತಾನೆ’ ಎಂಬ ಭಯ ಸಹಜವಾದುದು. ಹೆಂಡತಿ ಮಕ್ಕಳಿರುವ ಮನುಷ್ಯನ ಭಯವನ್ನು ಸಂಬಳ ಪಡೆದು, ಈಗ ಪಿಂಚಣಿ ಪಡೆಯುತ್ತಿರುವ ನಾನು ಹಗುರವಾಗಿ ಕಾಣಬಾರದು. ಇದನ್ನು ಶಿಷ್ಯನಿಗೇ ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೋಗಿದ್ದಾರೆ ಸಾರ್, ಇಬ್ಬರು ಮೂವರು ಹೋಗಿದ್ದಾರೆ. ಸುಳ್ಳು ಹೇಳಲ್ಲ. ಆದ್ರೆ ಫೈಲ್ ಕೊಡ್ತಾನೆ ಅಂತ ಕೇಳಿಕೊಂಡು ಬಂದವರೂ ಇದ್ದಾರೆ’ ಎಂದನು. ಲೆಕ್ಕ ಸರಿಹೋಯಿತೇ ಎಂದು ನಾನು ಕೇಳಲಿಲ್ಲ. ಸರಿಹೋಗದಿದ್ದರೂ ಅವನು ಹಾಗೆಯೇ ಮಾಡುತ್ತಾನೆಂದು ನನಗೆ ಗೊತ್ತು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ವಿಮಾನ ಹತ್ತಿ ಫ್ರಾಂಕ್‌ಫರ್ಟಿಗೆ ಹೋಗಬಲ್ಲವರು ಎಷ್ಟು ಜನ? ಹಾಸನದಲ್ಲಿಯೋ ಚಿತ್ರದುರ್ಗದಲ್ಲಿಯೋ ದಿನಗೂಲಿಗೆ ಪೈಪು ಹೂಳುವ ಹುಡುಗನಿಗೆ ಇದರಿಂದೇನು? ಈ ಪ್ರಶ್ನೆಗೆ ನನ್ನ ಶಿಷ್ಯ ಮಾತಿನಿಂದ ಉತ್ತರ ಕೊಡಲಿಲ್ಲ. ಮರಳಿ ಬಂದ ಮೇಲೆ ತಿಂಗಳಿಗೊಂದು ಭಾನುವಾರ ತನ್ನ ಗೋದಾಮಿನಲ್ಲಿ ಹತ್ತು ಹನ್ನೆರಡು ವೈರ್‌ಮ್ಯಾನ್‌ಗಳನ್ನು ಸೇರಿಸಿ ಪಾಠ ಆರಂಭಿಸಿದನು. ಗೋಡೆಗೆ ಒಂದು ಹಲಗೆ ನಿಲ್ಲಿಸಿ, ಅದರ ಮೇಲೆ ಗುಂಡಿ, ರಿಲೇ, ಫ್ಯಾನು ಜೋಡಿಸಿದ್ದಾನೆ. ಮೊದಲ ಪಾಠ ಬಣ್ಣಗಳದ್ದು, ಎರಡನೆಯದು ಕರೆಂಟು ಮರಳಿ ಬರುವುದರದ್ದು.

ಒಂದು ಭಾನುವಾರ ನನ್ನನ್ನೂ ಕರೆದೊಯ್ದನು. ಅಲ್ಲಿ ಕಂಡ ಒಂದು ಕೊರತೆಯಿಂದ ನನಗೂ ಕೆಲಸ ಸಿಕ್ಕಿತು. ಜರ್ಮನ್ ಹಿರಿಯರ ಕಡತದ ಮಾದರಿ ಇಂಗ್ಲಿಷಿನಲ್ಲಿತ್ತು. ಹುಡುಗರು ಅದನ್ನು ತುಂಬಲು ಅಂಜುತ್ತಿದ್ದರು. ತುಂಬಿ ಕೊಟ್ಟರೂ ಮನೆಯಲ್ಲಿರುವ ತಾಯಂದಿರು ಓದುವಂತಿರಲಿಲ್ಲ. ನಾನೂ ಅವನೂ ಕುಳಿತು ಕನ್ನಡದಲ್ಲಿ ಎಂಟು ಪುಟದ ಒಂದು ಪುಸ್ತಿಕೆ ಸಿದ್ಧಪಡಿಸಿದೆವು. ಅದಕ್ಕೆ ‘ಮನೆಯ ವಿದ್ಯುತ್ ಪುಸ್ತಕ’ ಎಂದು ಹೆಸರಿಟ್ಟೆವು. ಮೊದಲಿಗೆ ನಾನು ‘ವಿದ್ಯುದುಪಕರಣ ವಿಳಾಸಾನುಕ್ರಮಣಿಕೆ’ ಎಂದೆಲ್ಲ ಬರೆದಿದ್ದೆ. ಒಬ್ಬ ಹುಡುಗ ಅದನ್ನು ಗಟ್ಟಿಯಾಗಿ ಓದಲು ಹೋಗಿ ನಡುವೆಯೇ ನಿಲ್ಲಿಸಿ ನನ್ನ ಮುಖ ನೋಡಿದನು. ಅದನ್ನು ಹೊಡೆದುಹಾಕಿ ‘ಯಾವ ಗುಂಡಿಗೆ ಯಾವ ದೀಪ’ ಎಂದು ಬರೆದೆ. 33 ವರ್ಷದ ಮೇಷ್ಟರಿಕೆಗೆ ಅಂದು ಆದ ತಿದ್ದುಪಡಿಯನ್ನು ನಾನು ಸಂತೋಷದಿಂದಲೇ ಒಪ್ಪಿಕೊಂಡೆ.

ಕೊನೆಯದಾಗಿ ನಿಮ್ಮಲ್ಲಿ ಮೂರು ಬಿನ್ನಹಗಳು.

ವಿದೇಶಗಳಲ್ಲಿದ್ದು ಊರಿನ ತಂದೆತಾಯಿಗಳಿಗಾಗಿ ಇಂಥ ವ್ಯವಸ್ಥೆ ಮಾಡಿಸುವ ನನ್ನ ಶಿಷ್ಯರೇ, ನಿಮ್ಮ ಪ್ರೀತಿ ದೊಡ್ಡದು. ಆದರೆ ಕೊನೆಯ ಕಂತಿನ ಹಣ ಕೊಡುವ ಮುನ್ನ ಪ್ರಾಜೆಕ್ಟ್ ಫೈಲನ್ನೂ ಕೀಲಿಪದಗಳನ್ನೂ ಕೇಳಿ ಪಡೆಯಿರಿ. ಒಂದು ಪ್ರತಿ ನಿಮ್ಮಲ್ಲಿರಲಿ, ಒಂದು ಪ್ರತಿ ಮನೆಯ ಬೀರುವಿನಲ್ಲಿರಲಿ. ಮೊಬೈಲ್ ಇಲ್ಲದೆ, ಇಂಟರ್ನೆಟ್ ಇಲ್ಲದೆ, ಕೈಯಿಂದ ಹಾಕಬಹುದಾದ ಒಂದು ಸ್ವಿಚ್ಚು ಅಮ್ಮನ ಮಂಚದ ಪಕ್ಕದಲ್ಲಿ ಇರಲೇಬೇಕೆಂದು ಹಟ ಹಿಡಿಯಿರಿ.

ಈ ಕಸುಬಿನಲ್ಲಿರುವ ಹುಡುಗರೇ, ಅವಕಾಶ ಸಿಕ್ಕರೆ ದೇಶ ಸುತ್ತಿ ಬನ್ನಿ. ಕೈಕಟ್ಟಿ ಕೇಳುವವರಾಗಿ ಮಾತ್ರ ಹೋಗಬೇಡಿ. ಹಲ್ಲಿ ಇರುವೆಗಳು ಸೇರುವ ಸ್ವಿಚ್ ಪೆಟ್ಟಿಗೆ, ಏರಿಳಿಯುವ ವೋಲ್ಟೇಜು, ಮಳೆಗಾಲದ ಸಿಡಿಲು, ಇವುಗಳ ನಡುವೆ ನೀವು ಕಲಿತದ್ದು ಯಾವ ಪುಸ್ತಕದಲ್ಲಿಯೂ ಇಲ್ಲ. ಅದನ್ನು ಕೊಡಲು ಹೋಗಿ. ಬಂದ ಮೇಲೆ ಇಲ್ಲಿನವರಿಗೂ ಹಂಚಿ.

ಮೂರನೆಯದು ನನ್ನ ಹಾಗೆ ನಿವೃತ್ತರಾದ ಉಪಾಧ್ಯಾಯ ಮಿತ್ರರಿಗೆ. ನಮ್ಮ ಹಿಂದಿನ ಬೆಂಚಿನ ಹುಡುಗರು ಇಂದು ನಾಡಿನ ಗೋಡೆಗಳೊಳಗೆ ಏನೇನೋ ಬರೆಯುತ್ತಿದ್ದಾರೆ. ಅದನ್ನು ತಿಳಿಗನ್ನಡದಲ್ಲಿ ಬರೆದಿಡಲು ಅವರಿಗೆ ನಮ್ಮ ನೆರವು ಬೇಕಾಗಿದೆ. ಒಂದು ಭಾನುವಾರ ಹೋಗಿ ಕುಳಿತುಕೊಳ್ಳಿ.

ನಮ್ಮ ಓಣಿಯ ದೀಪ ಈಗ ಮಂಚದ ಪಕ್ಕದ ಗುಂಡಿಯ ಮಾತನ್ನು ಕೇಳುತ್ತದೆ. ಪತ್ನಿಯ ಕೈ ವಾಸಿಯಾಗಿದೆ. ಚಳಿಗಾಲದಲ್ಲಿ ಮಾತ್ರ ಸ್ವಲ್ಪ ನೋಯುತ್ತದೆಂದು ಹೇಳುತ್ತಾಳೆ. ಪುಸ್ತಿಕೆಯ ಪ್ರತಿ ಬೇಕಾದವರು ನನಗೆ ಬರೆಯಿರಿ, ಕಳಿಸಿಕೊಡುತ್ತೇನೆ. ಅದಕ್ಕೆ ಬೆಲೆಯಿಲ್ಲ. ತಪ್ಪುಗಳು ಕಂಡರೆ ತಿದ್ದಿ ಹಿಂತಿರುಗಿಸಿದರೆ ಅದೇ ಅದರ ಬೆಲೆ.